ಹಳೆಯ ಸಾಮಾನು, ಹೊಸ ಮನೆ

ಕಳೆದ ತಿಂಗಳು ಒಂದು ಭಾನುವಾರ ಬೆಳಿಗ್ಗೆ, ನಾನಿನ್ನೂ ದಿನಪತ್ರಿಕೆಯ ಪದಬಂಧ ಮುಗಿಸಿರಲಿಲ್ಲ, ಬಾಗಿಲಲ್ಲಿ ‘ಸಾರ್...’ ಎಂಬ ಕರೆ ಕೇಳಿಸಿತು. ಇಪ್ಪತ್ತು ವರ್ಷಗಳ ಹಿಂದೆ ನನ್ನಲ್ಲಿ ಹತ್ತನೆಯ ತರಗತಿ ಓದಿದ ಹುಡುಗ. ಹುಡುಗನೆಂದರೆ ಈಗ ತಲೆಯಲ್ಲಿ ಒಂದೆರಡು ಬಿಳಿ ಕೂದಲು ಕಾಣಿಸಿಕೊಂಡಿರುವ ಹುಡುಗ! ಜೊತೆಯಲ್ಲಿ ಪತ್ನಿ. ಬೆಂಗಳೂರಿನಲ್ಲಿ ಎರಡು ಕೋಣೆಗಳ ಫ್ಲ್ಯಾಟು ಕೊಂಡಿದ್ದಾರಂತೆ. ಗೃಹಪ್ರವೇಶಕ್ಕೆ ಕರೆಯಲು ಮೈಸೂರಿನವರೆಗೂ ಬಂದಿದ್ದರು. ಅಧ್ಯಾಪಕನಾದವನಿಗೆ ಇದಕ್ಕಿಂತ ದೊಡ್ಡ ಪಿಂಚಣಿ ಬೇರೆ ಯಾವುದಿದೆ?

ಕಾಫಿ ಬಂತು. ಕುಶಲ ಪ್ರಶ್ನೆಗಳಾದ ಮೇಲೆ “ಮನೆಯ ಕೆಲಸವೆಲ್ಲ ಮುಗಿಯಿತೇನಯ್ಯ?” ಎಂದು ಕೇಳಿದೆ.

“ಮನೆ ಮುಗೀತು ಸಾರ್, ಇಂಟೀರಿಯರ್ ಒಂದು ಬಾಕಿ. ಅದಕ್ಕೇ ಬೇರೆ ಎಂಟು ಲಕ್ಷ ಪರ್ಸನಲ್ ಲೋನ್ ತಗೋತಿದೀನಿ.”

ಗಣಿತದ ಮೇಷ್ಟ್ರಿಗೆ ಸಾಲದ ಮೊತ್ತ ಹೇಳಬಾರದು. ಕೈ ತಾನಾಗಿಯೇ ಪೆನ್ಸಿಲಿನತ್ತ ಹೋಗುತ್ತದೆ. ಬಡ್ಡಿ ಎಷ್ಟು, ಅವಧಿ ಎಷ್ಟು ಎಂದು ವಿಚಾರಿಸಿದೆ. ಶೇಕಡಾ 11, ಐದು ವರ್ಷ. ಪದಬಂಧದ ಅಂಚಿನಲ್ಲೇ ಲೆಕ್ಕ ಹಾಕಿದೆ. ತಿಂಗಳ ಕಂತು ಸುಮಾರು 17,394 ರೂಪಾಯಿ. ಅಂಥ 60 ಕಂತುಗಳು. ಒಟ್ಟು ಹತ್ತು ಲಕ್ಷ ನಲವತ್ತಮೂರು ಸಾವಿರದ ಮೇಲೆ. ಅಂದರೆ ಕಪಾಟು, ಮಂಚ, ಸೋಫಾ, ಟಿ.ವಿ. ಇಡುವ ಹಲಗೆಗಳಿಗಾಗಿ ಬಡ್ಡಿಯೇ ಎರಡು ಲಕ್ಷ ನಲವತ್ತಮೂರು ಸಾವಿರ! ಮನೆಯ ಸಾಲದ ಕಂತು ಇದರ ಹೊರತಾಗಿ. ಕಾಗದವನ್ನು ಅವನ ಮುಂದೆ ಸರಿಸಿದೆ. ಪಾಪ, ಚಕ್ರಬಡ್ಡಿಯ ಲೆಕ್ಕ ತಪ್ಪಿದಾಗ ಅಂದು ನಿಂತಂತೆಯೇ ಇಂದೂ ತಲೆ ತಗ್ಗಿಸಿ ಕುಳಿತ.

ಆಗ ಆ ಹೆಣ್ಣುಮಗಳು ಮೆಲ್ಲಗೆ ಹೇಳಿದಳು: “ಗೃಹಪ್ರವೇಶಕ್ಕೆ ಎಲ್ಲರೂ ಬರ್ತಾರಲ್ಲ ಸಾರ್... ಮನೆ ಖಾಲಿ ಇದ್ರೆ ಏನಂದ್ಕೋತಾರೆ?”

ಈ ಲೇಖನ ಹುಟ್ಟಿದ್ದು ಆ ಒಂದು ಮಾತಿನಿಂದ. ಬಂದವರು ಏನೆಂದುಕೊಳ್ಳುತ್ತಾರೋ ಎಂಬ ಭಯಕ್ಕೆ ನಮ್ಮ ಮಕ್ಕಳು ಐದು ವರ್ಷ ತೆರಿಗೆ ಕಟ್ಟುತ್ತಿದ್ದಾರೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಹೊಸ ಮನೆಗೆ ಹಳೆಯ ಸಾಮಾನು ತರುವುದು ನಾಚಿಕೆಯಲ್ಲ, ವಿವೇಕ. ಆದರೆ ಆ ವಿವೇಕಕ್ಕೂ ಒಂದು ಧರ್ಮವಿದೆ. ಅದನ್ನು ನಾನು ಒಮ್ಮೆ ಮೀರಿದ್ದೇನೆ. ಅದನ್ನೂ ಕೊನೆಯಲ್ಲಿ ಹೇಳುತ್ತೇನೆ.

ನಾನು ಕೆಲಸಕ್ಕೆ ಸೇರಿದ್ದು 1984ರಲ್ಲಿ, ಮದುವೆಯಾದದ್ದು 1986ರಲ್ಲಿ. ಸಂಬಳ ಸಾವಿರ ರೂಪಾಯಿಯ ಆಸುಪಾಸು. ತಾಲ್ಲೂಕು ಕೇಂದ್ರವೊಂದರಲ್ಲಿ ಹೆಂಚಿನ ಬಾಡಿಗೆ ಮನೆ. ಮದುವೆಯಲ್ಲಿ ಬಂದದ್ದು ಪಾತ್ರೆಗಳು, ಎರಡು ಗೋಡೆ ಗಡಿಯಾರ ಮತ್ತು ಏಳು ಫ್ಲಾಸ್ಕು! ಮಲಗಲು ಚಾಪೆ. ಊರಿನ ಸಂತೆಬೀದಿಯ ಕೊನೆಯಲ್ಲಿ ಹಳೆಯ ಮರಮುಟ್ಟಿನ ಅಂಗಡಿಯೊಂದಿತ್ತು. ಅಂಗಡಿಯವರು ವಯಸ್ಸಾದ ಸಾಹೇಬರು. ‘ಮೇಷ್ಟ್ರಿಗೆ ಕಂತಿನಲ್ಲಿ ಕೊಡೋಣ’ ಎಂದು ಬಡ್ಡಿಯಿಲ್ಲದೆ ಕೊಟ್ಟರು. ತೇಗದ ಮಂಚ 160 ರೂಪಾಯಿ, ಬೆತ್ತ ಹರಿದ ಎರಡು ಕುರ್ಚಿಗೆ 45, ಹಲಸಿನ ಮರದ ಪುಟ್ಟ ಮೇಜು 30. ಮೂರು ತಿಂಗಳಲ್ಲಿ ತೀರಿಸಿದೆ.

ಮಂಚ ಮನೆಗೆ ಬಂದ ದಿನ ನನ್ನಾಕೆ ಬಾಗಿಲಲ್ಲೇ ತಡೆದಳು. “ರೀ, ಯಾರು ಮಲಗಿದ್ದ ಮಂಚವೋ, ಯಾರು ಅದರ ಮೇಲೆ ಪ್ರಾಣ ಬಿಟ್ಟಿದ್ದಾರೋ!” ನನಗೆ ಉತ್ತರ ಹೊಳೆಯಲಿಲ್ಲ. ಬಿ.ಎಡ್.ನಲ್ಲಿ ಇಂಥ ಪ್ರಶ್ನೆಗಳಿಗೆ ತರಬೇತಿ ಕೊಡುವುದಿಲ್ಲ. ಆಗ ಊರಿನಿಂದ ಬಂದಿದ್ದ ನನ್ನ ತಾಯಿ ಒಲೆಯ ಮೇಲಿದ್ದ ಹಂಡೆಯ ಕುದಿನೀರನ್ನು ತಂದು ಮಂಚದ ಸಂದುಸಂದಿಗೂ ಸುರಿದರು. ತಿಗಣೆಗೆ ಅದೇ ಮದ್ದು. ಎರಡು ದಿನ ಬಿಸಿಲಿಗಿಟ್ಟರು. ಆಮೇಲೆ ಸೊಸೆಗೆ ಹೇಳಿದರು: “ಯಾರು ಸತ್ತರೋ ಗೊತ್ತಿಲ್ಲ ಅಂತೀಯಲ್ಲ ತಾಯಿ, ಎಷ್ಟು ಮಕ್ಕಳು ಹುಟ್ಟಿ ಇದರ ಮೇಲೆ ಮಲಗಿದ್ದವೋ ಅದೂ ನಮಗೆ ಗೊತ್ತಿಲ್ಲ. ಒಳ್ಳೇದನ್ನೇ ಅಂದುಕೋ.” ನಮ್ಮ ಇಬ್ಬರು ಮಕ್ಕಳೂ ಆ ಮಂಚದ ಮೇಲೆಯೇ ಬೆಳೆದರು. ಇಂದು ಮಧ್ಯಾಹ್ನ ಊಟವಾದ ಮೇಲೆ ನಾನು ಮಲಗಿದ್ದೂ ಅದರ ಮೇಲೆಯೇ.

ಯೋಚಿಸಿದರೆ, ‘ಸೆಕೆಂಡ್ ಹ್ಯಾಂಡ್’ ಎಂಬ ಪದ ಕೇಳಿ ಮೂಗು ಮುರಿಯುವ ನಾವೆಲ್ಲ ಬೆಳೆದದ್ದೇ ಬಳಸಿದ ವಸ್ತುಗಳ ನಡುವೆ. ಒಂದು ತೊಟ್ಟಿಲು ಬಂಧುಗಳ ಎಷ್ಟು ಮನೆಗಳನ್ನು ಸುತ್ತಿ ಬರುತ್ತಿತ್ತು! ಅಣ್ಣನ ಅಂಗಿ ತಮ್ಮನಿಗೆ, ಅಕ್ಕನ ಲಂಗ ತಂಗಿಗೆ. ನನ್ನ ವಿದ್ಯಾರ್ಥಿಗಳೇ, ಜೂನ್ ತಿಂಗಳು ಬಂತೆಂದರೆ ಮುಂದಿನ ತರಗತಿಯವರ ಮನೆಗೆ ಹೋಗಿ ಅರ್ಧ ಬೆಲೆಗೆ ಪಠ್ಯಪುಸ್ತಕ ಕೊಂಡು, ಕಂದು ಕಾಗದದ ಹೊದಿಕೆ ಹಾಕುತ್ತಿದ್ದುದು ನೆನಪಿದೆಯೆ? ಆ ಪುಸ್ತಕಗಳಿಂದ ಕಲಿತ ಪೈಥಾಗೊರಸನ ಪ್ರಮೇಯ ಅರ್ಧ ಬೆಲೆಯದಾಗಲಿಲ್ಲ. ಪೂರ್ತಿಯಾಗಿಯೇ ಇತ್ತು.

ನಮ್ಮ ಮನೆಯ ಊಟದ ಮೇಜಿನ ಕಥೆ ಇಲ್ಲಿ ಬರಬೇಕು. 1991ರಲ್ಲಿ ನಮ್ಮ ಶಾಲೆಯ ಮುರಿದ ಡೆಸ್ಕುಗಳನ್ನು ಹರಾಜು ಹಾಕಿದರು. ಶಾಲೆಯವರೇ ಕೂಗುವುದು ಸರಿಯಲ್ಲವೆಂದು ನಾನು ದೂರ ನಿಂತಿದ್ದೆ. ಗುಜರಿಯವರೊಬ್ಬರು ಎಲ್ಲವನ್ನೂ ಕೊಂಡು ಗಾಡಿಗೆ ಹೇರಿದರು. ಸೌದೆಯ ಲೆಕ್ಕದಲ್ಲಿ ಹೋಗುತ್ತಿದೆಯಲ್ಲ ಎಂದು ಸಂಕಟವಾಗಿ, ಸಂಜೆ ಅವರ ಅಂಗಡಿಗೆ ಹೋಗಿ ಅವರು ಕೇಳಿದ ಬೆಲೆಗೆ ಎರಡು ಡೆಸ್ಕುಗಳ ಹಲಗೆ ತಂದೆ. ಬಡಗಿ ಅದರಲ್ಲಿ ಮೇಜು ಮಾಡಿಕೊಟ್ಟರು. ಕೈವಾರದ ಮುಳ್ಳಿನಿಂದ ಕೆತ್ತಿದ ಹೆಸರುಗಳನ್ನು ಕೀಸಿ ತೆಗೆಯಲೇ ಎಂದು ಅವರು ಕೇಳಿದಾಗ ಬೇಡವೆಂದೆ. ಡೆಸ್ಕು ಕೆತ್ತಿದ್ದಕ್ಕಾಗಿ ನನ್ನಿಂದ ಪೆಟ್ಟು ತಿಂದವರ ಹೆಸರುಗಳ ಮೇಲೆಯೇ ಮೂವತ್ತು ವರ್ಷಗಳಿಂದ ನಾನು ಅನ್ನ ಉಣ್ಣುತ್ತಿದ್ದೇನೆ! ಅಂದು ಬಂದಿದ್ದ ಹುಡುಗನೂ ಮಾತು ನಿಲ್ಲಿಸಿ ಆ ಅಕ್ಷರಗಳ ಮೇಲೆ ಬೆರಳಾಡಿಸಿದ. ಅವನ ಹೆಸರಿರಲಿಲ್ಲ, ಅವನು ಹುಟ್ಟಿ ಎರಡು ಮೂರು ವರ್ಷವಾಗಿತ್ತಷ್ಟೆ, ಆಗಿನವು. ಆದರೂ ಎಲ್ಲವನ್ನೂ ಓದಿದ.

ಇದು ಬರಿಯ ಭಾವುಕತೆಯಲ್ಲ, ಲೆಕ್ಕಾಚಾರವೂ ಹೌದು. ಇಂದು ಅಗ್ಗವೆಂದು ಮಾರುವ ಬಹುಪಾಲು ಕಪಾಟು ಮೇಜುಗಳು ಮರವಲ್ಲ. ಮರದ ಚೂರುಗಳನ್ನೋ ಪುಡಿಯನ್ನೋ ಅಂಟು ಬೆರೆಸಿ ಒತ್ತಿದ ಹಲಗೆ. ಮೇಲೆ ಕಾಗದದಷ್ಟು ತೆಳುವಾದ ಹೊದಿಕೆ. ಅಂಚಿನಿಂದ ನೀರು ಒಳಗಿಳಿದರೆ ರೊಟ್ಟಿಯಂತೆ ಉಬ್ಬುತ್ತದೆ. ಒಮ್ಮೆ ಬಿಚ್ಚಿದ ತಿರುಪು ಅದೇ ತೂತಿನಲ್ಲಿ ಮತ್ತೆ ಭದ್ರವಾಗಿ ಕೂರುವುದು ಕಷ್ಟ. ಬಾಡಿಗೆ ಮನೆಗಳನ್ನು ಬದಲಿಸುವವರಿಗೆ ಈ ಕಷ್ಟ ಚೆನ್ನಾಗಿ ಗೊತ್ತು. ಹಳೆಯ ತೇಗದ ಕುರ್ಚಿಯನ್ನು ನೋಡಿ: ಒಂದು ಮರದ ತುದಿಯನ್ನು ಇನ್ನೊಂದರ ತೂತಿಗೆ ಬಿಗಿಯಾಗಿ ಕೂರಿಸಿ ಮರದ ಮೊಳೆ ಹೊಡೆದಿರುತ್ತಾರೆ. ಐವತ್ತು ವರ್ಷದ ಮೇಲೆ ಅಲುಗಾಡಿದರೆ ಬಿಚ್ಚಿ, ಅಂಟು ಹಾಕಿ, ಮತ್ತೆ ಜೋಡಿಸಬಹುದು. ದುರಸ್ತಿಯಾಗುವ ವಸ್ತುವೇ ನಿಜವಾಗಿ ಅಗ್ಗದ ವಸ್ತು.

ಇನ್ನೊಂದು ಕಾರಣವೂ ಇದೆ. ಬೀಟೆಯ ಮರವೊಂದು ಬೆಳೆದು ಬಲಿಯಲು ಒಬ್ಬ ಮನುಷ್ಯನ ಆಯುಷ್ಯ ಸಾಲದು. ಬೀಟೆಯೂ ಸೇರಿದಂತೆ ಅದರ ಇಡೀ ಕುಲವನ್ನು 2017ರ ಜನವರಿಯಿಂದ ಅಂತರರಾಷ್ಟ್ರೀಯ ವ್ಯಾಪಾರದ ನಿಯಂತ್ರಣದ ಪಟ್ಟಿಗೆ ಸೇರಿಸಬೇಕಾಗಿ ಬಂತೆಂದರೆ ಕಾಡಿನ ಸ್ಥಿತಿಯನ್ನು ಊಹಿಸಿಕೊಳ್ಳಿ. ಎಂದೋ ಕಡಿದ ಮರ ಕುರ್ಚಿಯಾಗಿ ನಮ್ಮೆದುರು ನಿಂತಿರುವಾಗ ಅದನ್ನು ಒಲೆಗೆ ಕಳಿಸಿ ಹೊಸ ಮರ ಕಡಿಸುವುದು ಯಾವ ನ್ಯಾಯ?

ಹಾಗೆಂದು ಹಳೆಯದೆಲ್ಲವೂ ಹೊನ್ನಲ್ಲ. ಕೊಳ್ಳುವವನು ಪರೀಕ್ಷಕನ ಕಣ್ಣಿನಿಂದ ನೋಡಬೇಕು. ನಲವತ್ತು ವರ್ಷಗಳಲ್ಲಿ ಕೈಸುಟ್ಟುಕೊಂಡು ಕಲಿತ ಕೆಲವು ಪಾಠಗಳನ್ನು ಇಲ್ಲಿ ಬರೆಯುತ್ತೇನೆ.

ಮೊದಲು ವಸ್ತುವನ್ನು ತಲೆಕೆಳಗು ಮಾಡಿ ನೋಡಿ. ಮೇಲಿನ ಪಾಲಿಷ್ ಎಲ್ಲರನ್ನೂ ಮರುಳು ಮಾಡುತ್ತದೆ. ಅಡಿಭಾಗ ಸುಳ್ಳು ಹೇಳುವುದಿಲ್ಲ. ಮಣ್ಣಿನ ಗೆರೆಗಳಿದ್ದರೆ ಗೆದ್ದಲು ಬಂದು ಹೋಗಿದೆ, ಅಥವಾ ಇನ್ನೂ ಇದೆ. ಸಣ್ಣ ಗುಂಡು ತೂತುಗಳೂ ಹಿಟ್ಟಿನಂಥ ಪುಡಿಯೂ ಕಂಡರೆ ಮರ ಕೊರೆಯುವ ಹುಳು. ಪುಡಿಯನ್ನು ಒರೆಸಿ, ಕೆಳಗೆ ಬಿಳಿಯ ಕಾಗದ ಹಾಸಿ, ಕೆಲವು ದಿನ ಬಿಟ್ಟು ಮತ್ತೆ ನೋಡಿ. ಹೊಸ ಪುಡಿ ಬಿದ್ದಿದ್ದರೆ ಹುಳು ಜೀವಂತವಾಗಿದೆ. ಅದನ್ನು ಮನೆಯೊಳಗೆ ತರಲೇಬೇಡಿ. ಬೆರಳ ಗಿಣ್ಣಿನಿಂದ ತಟ್ಟಿದಾಗ ಡೊಳ್ಳು ಸದ್ದು ಬಂದರೆ ಒಳಗೆ ಟೊಳ್ಳು.

ಕುರ್ಚಿಯ ಮೇಲೆ ಕುಳಿತು ಮೂಲೆಯಿಂದ ಮೂಲೆಗೆ ಅಲುಗಾಡಿಸಿ. ಕೀಲು ಸಡಿಲವಾಗಿದ್ದರೆ ದುರಸ್ತಿ ಸಾಧ್ಯ. ಕಾಲಿನ ಮರವೇ ಸೀಳಿದ್ದರೆ ಬಿಟ್ಟುಬಿಡಿ. ಬೆತ್ತ ಹರಿದಿದೆಯೆಂದು ಒಳ್ಳೆಯ ಕುರ್ಚಿಯನ್ನು ಬಿಡಬೇಡಿ. ಬೆತ್ತ ಹೆಣೆಯುವವರು ಇನ್ನೂ ಇದ್ದಾರೆ. ಕಬ್ಬಿಣದ ಬೀರುವಾದರೆ ಕೆಳಗಿನ ತಗಡು ತುಕ್ಕು ಹಿಡಿದಿದೆಯೇ, ಬೀಗ ತಿರುಗುತ್ತದೆಯೇ, ಬಾಗಿಲು ಸಮನಾಗಿ ಕೂರುತ್ತದೆಯೇ ನೋಡಿ. ಮುಖ್ಯವಾಗಿ ಜೇಬಿನಲ್ಲಿ ಅಳತೆಯ ಟೇಪು ಇರಲಿ. ನನ್ನ ತಮ್ಮ ಭಾರಿ ಕಪಾಟೊಂದನ್ನು ಕೊಂಡು ತಂದಾಗ ಅದು ಲಿಫ್ಟಿನಲ್ಲೂ ಹಿಡಿಸದೆ, ಮೆಟ್ಟಿಲ ತಿರುವಿನಲ್ಲೂ ಹಾಯದೆ, ಎರಡು ದಿನ ಕಾವಲುಗಾರನ ಕೊಠಡಿಯಲ್ಲಿ ಬಿಡಾರ ಹೂಡಿತ್ತು!

ಬೆಲೆಯನ್ನು ಲೆಕ್ಕ ಹಾಕುವಾಗ ಮೂರು ಸಾಲು ಬರೆಯಿರಿ: ಖರೀದಿ, ಸಾಗಾಟ, ದುರಸ್ತಿ. ಕಳೆದ ವರ್ಷ ಅದೇ ತಮ್ಮನ ಮಗಳು ತೇಗದ ಊಟದ ಮೇಜನ್ನೂ ಆರು ಕುರ್ಚಿಗಳನ್ನೂ 14,000 ರೂಪಾಯಿಗೆ ಕೊಂಡಳು. ಸಾಗಾಟಕ್ಕೆ 1,800, ಬಡಗಿಗೂ ಪಾಲಿಷ್‌ನವರಿಗೂ 6,500. ಒಟ್ಟು 22,300. ‘ಹದಿನಾಲ್ಕಕ್ಕೆ ಸಿಕ್ಕಿತು’ ಎಂದು ಹೇಳಿಕೊಳ್ಳಬಾರದು. ‘ಇಪ್ಪತ್ತೆರಡಕ್ಕೆ ಸಿಕ್ಕಿತು, ಮೊಮ್ಮಕ್ಕಳವರೆಗೆ ಬರುತ್ತದೆ’ ಎಂದು ಹೇಳಿಕೊಳ್ಳಬೇಕು.

ಪಾಲಿಷ್ ಬಗ್ಗೆ ಒಂದು ಮಾತು. ಹಳೆಯ ಮರಕ್ಕೆ ಒಪ್ಪುವುದು ಅರಗಿನ ಚಕ್ಕೆಯನ್ನು ಸ್ಪಿರಿಟ್‌ನಲ್ಲಿ ಕರಗಿಸಿ, ಬಟ್ಟೆಯ ಉಂಡೆಯಿಂದ ತೆಳುವಾಗಿ ಹತ್ತಾರು ಬಾರಿ ತೀಡುವ ಫ್ರೆಂಚ್ ಪಾಲಿಷ್. ಅದರ ಮೇಲೆ ಬಿಸಿ ಕಾಫಿಯ ಲೋಟ ಇಟ್ಟರೆ ಬೆಳ್ಳಗಿನ ಉಂಗುರ ಮೂಡುತ್ತದೆ, ನಿಜ. ಆದರೆ ಹಾಳಾದ ಜಾಗಕ್ಕಷ್ಟೇ ಮತ್ತೆ ತೀಡಿ ಸರಿಮಾಡಬಹುದು. ಹಿತ್ತಾಳೆ, ತಾಮ್ರದ ಪಾತ್ರೆಗಳನ್ನು ಕೊಂಡರೆ ಹೊರಗೆ ಹುಣಸೆಹಣ್ಣು ಸಾಕು. ಅಡುಗೆಗೆ ಬಳಸುವುದಾದರೆ ಒಳಗೆ ಕಲಾಯಿ ಹಾಕಿಸಲೇಬೇಕು. ಪಾತ್ರೆಯನ್ನು ಕಾಯಿಸಿ, ನವಸಾಗರ ಉದುರಿಸಿ, ಕರಗಿದ ತವರವನ್ನು ಹತ್ತಿಯಿಂದ ಸವರುವ ಆ ವಿದ್ಯೆ ನಮ್ಮ ಬೀದಿಗಳಿಂದ ಮರೆಯಾಗುತ್ತಿದೆ. ಕಲಾಯಿಯಿಲ್ಲದ ಹಿತ್ತಾಳೆಯಲ್ಲಿ ಹುಳಿ ಪದಾರ್ಥ ಮಾಡಿದರೆ ಲೋಹ ಊಟಕ್ಕೆ ಇಳಿಯುತ್ತದೆ.

ಇನ್ನು ಕೆಲವನ್ನು ಎಷ್ಟೇ ಅಗ್ಗವಾದರೂ ಹಳೆಯದಾಗಿ ಕೊಳ್ಳಬೇಡಿ: ಹಾಸಿಗೆ, ದಿಂಬು, ಕುಕ್ಕರ್, ಗ್ಯಾಸಿನ ಕೊಳವೆ. ಹಳೆಯ ವಿದ್ಯುದ್ದೀಪ ಚೆಂದವಿದ್ದರೆ ಕೊಳ್ಳಿ, ಆದರೆ ತಂತಿಯನ್ನು ಹೊಸದಾಗಿ ಹಾಕಿಸಿಯೇ ಉರಿಸಿ. ಬಣ್ಣ ಬಳಿದ ಹಳೆಯ ತೊಟ್ಟಿಲು, ಆಟದ ಕುದುರೆಗಳ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಅಂಶ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಣ್ಣದಲ್ಲಿ ಸೀಸ ಎಷ್ಟಿದೆಯೋ ಹೇಳುವಂತಿಲ್ಲ. ಮಗು ಕಚ್ಚುವ ವಸ್ತು ಅದು. ಆ ಬಣ್ಣವನ್ನು ಮನೆಯೊಳಗೆ ಒಣದಾಗಿ ಉಜ್ಜಿ ಧೂಳೆಬ್ಬಿಸುವುದೂ ಅಪಾಯವೇ.

ಎಲ್ಲಿ ಹುಡುಕುವುದು? ಬೆಂಗಳೂರಿನವರಿಗೆ ಚಿಕ್ಕಪೇಟೆಯ ಆಸುಪಾಸಿನ ಸಂಡೇ ಬಜಾರ್ ಇದೆ. ಬೆಳಿಗ್ಗೆ ಬೇಗ ಹೋದವನಿಗೆ ಒಳ್ಳೆಯದು ಸಿಗುತ್ತದೆ. ಕೆಡವಿದ ಮನೆಗಳ ಬಾಗಿಲು, ಕಿಟಕಿ, ಕಂಬಗಳನ್ನು ಮಾರುವ ಅಂಗಡಿಗಳು ಎಲ್ಲ ದೊಡ್ಡ ಊರುಗಳಲ್ಲಿಯೂ ಇವೆ. ಕೆಲಸ ಬದಲಿಸಿ ಊರು ಬಿಡುವವರು ಓಎಲ್‌ಎಕ್ಸ್, ಫೇಸ್‌ಬುಕ್‌ಗಳಲ್ಲಿ ಮಾರುತ್ತಾರೆ. 2020ರಲ್ಲಿ ಕೊರೊನಾ ಕಾಲದಲ್ಲಿ ಹಾಗೆ ಮನೆ ಖಾಲಿ ಮಾಡಿದವರು ಎಷ್ಟೋ ಮಂದಿ. ಅಲ್ಲಿ ವಸ್ತುವನ್ನು ಕಣ್ಣಾರೆ ನೋಡದೆ ಮುಂಗಡ ಕೊಡಬೇಡಿ. ನೀವೇ ಮಾರುವವರಾದರೆ ಇದನ್ನು ನೆನಪಿಡಿ: ಹಣ ಪಡೆಯಲು ಯುಪಿಐನಲ್ಲಿ ಪಿನ್ ಒತ್ತಬೇಕಿಲ್ಲ. ‘ಈ ಚಿತ್ರ ಸ್ಕ್ಯಾನ್ ಮಾಡಿ ಪಿನ್ ಹಾಕಿ, ದುಡ್ಡು ಬರುತ್ತೆ’ ಎನ್ನುವವನು ಕಳ್ಳ.

ಪ್ರಾಚೀನ ವಸ್ತುಗಳ ಮೋಹವಿದ್ದವರು ತಮಿಳುನಾಡಿನ ಕಾರೈಕುಡಿಗೆ ಹೋಗುತ್ತಾರೆ. ಬರ್ಮಾ ತೇಗದ ಕಂಬಗಳಿದ್ದ ಚೆಟ್ಟಿನಾಡಿನ ಮಹಾಮನೆಗಳು ಒಡೆದು, ಅವುಗಳ ಬಾಗಿಲು ಭರಣಿಗಳು ಮುನೀಶ್ವರನ್ ಕೋವಿಲ್ ಬೀದಿಯ ಅಂಗಡಿಗಳಿಗೆ ಬಂದು ಕೂತಿವೆ. ಇಂಥಲ್ಲಿ ಎರಡು ಎಚ್ಚರ ಬೇಕು. ಒಂದು, ‘ನೂರು ವರ್ಷದ್ದು’ ಎಂದದ್ದೆಲ್ಲ ನೂರು ವರ್ಷದ್ದಲ್ಲ. ಖಾನೆಯನ್ನು ಎಳೆದು ಅದರ ಬೆನ್ನು ನೋಡಿ; ಕೈ ತಾಗುವ ಕಡೆ ಸವೆದು, ತಾಗದ ಕಡೆ ಸವೆಯದೆ ಇದ್ದರೆ ಅದು ಬಳಕೆಯಿಂದ ಬಂದ ಮುಪ್ಪು. ಎಲ್ಲ ಕಡೆಯೂ ಒಂದೇ ಸಮನೆ ಮುದಿಯಾಗಿದ್ದರೆ ಅದು ಯಾರೋ ಬಳಿದ ಮುಪ್ಪು.

ಎರಡು, ಕಾನೂನು. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯಿದೆ 1976ರ ಏಪ್ರಿಲ್ 5ರಿಂದ ಜಾರಿಯಲ್ಲಿದೆ. ನೂರು ವರ್ಷ ದಾಟಿದ ಶಿಲ್ಪ, ಚಿತ್ರ, ಕುಶಲಕಲೆಯ ವಸ್ತುಗಳೂ, ಮಹತ್ವವುಳ್ಳ ಹಸ್ತಪ್ರತಿಗಳಾದರೆ ಎಪ್ಪತ್ತೈದು ವರ್ಷ ದಾಟಿದವೂ ಅದರ ವ್ಯಾಪ್ತಿಗೆ ಬರುತ್ತವೆ. ವ್ಯಾಪಾರಕ್ಕೆ ಪರವಾನಗಿ ಬೇಕು. ಖಾಸಗಿಯವರು ಅವನ್ನು ದೇಶದ ಹೊರಗೆ ಒಯ್ಯುವಂತಿಲ್ಲ. ಅಮೆರಿಕದಲ್ಲಿರುವ ನನ್ನ ಸೋದರಳಿಯಂದಿರೇ, ಅಜ್ಜಿಯ ದೀಪದ ಕಂಬವನ್ನು ಪೆಟ್ಟಿಗೆಗೆ ಹಾಕುವ ಮುನ್ನ ಅದು ಪ್ರಾಚ್ಯವಸ್ತುವಲ್ಲವೆಂಬ ಪ್ರಮಾಣಪತ್ರವನ್ನು ಭಾರತೀಯ ಪುರಾತತ್ತ್ವ ಇಲಾಖೆಯಿಂದ ಪಡೆಯಿರಿ. ದೇವಸ್ಥಾನದಿಂದ ಕಿತ್ತು ತಂದಂತೆ ಕಾಣುವ ವಿಗ್ರಹವನ್ನಂತೂ ಪುಕ್ಕಟೆ ಕೊಟ್ಟರೂ ಮುಟ್ಟಬೇಡಿ.

ಹಳೆಯದನ್ನು ಕೊಳ್ಳುವುದರಲ್ಲಿ ಎಂಥ ದೊಡ್ಡತನ ಇರಬಹುದೆಂದು ತಿಳಿಯಬೇಕಾದರೆ ಮಣಿಪಾಲಕ್ಕೆ ಹೋಗಿ ಹಸ್ತಶಿಲ್ಪ ಪಾರಂಪರಿಕ ಗ್ರಾಮವನ್ನು ನೋಡಬೇಕು. ಬ್ಯಾಂಕ್ ಉದ್ಯೋಗಿಯಾಗಿದ್ದ ವಿಜಯನಾಥ ಶೆಣೈ ಅವರು, ಜನ ಬೇಡವೆಂದು ಕೆಡವುತ್ತಿದ್ದ ಹಳೆಯ ಮನೆಗಳನ್ನು ಬಿಚ್ಚಿಸಿ ತಂದು ಅಲ್ಲಿ ಮತ್ತೆ ಎಬ್ಬಿಸಿ ನಿಲ್ಲಿಸಿದರು. ಗುಜರಿಗೆ ಹೋಗುತ್ತಿದ್ದ ಮನೆಬಳಕೆಯ ವಸ್ತುಗಳನ್ನು ಜೀವಮಾನವಿಡೀ ಕೂಡಿಟ್ಟರು. ನಾವೆಲ್ಲ ಅವರಾಗಲಾರೆವು. ಒಂದು ಕುರ್ಚಿಯನ್ನಾದರೂ ಉಳಿಸಬಲ್ಲೆವು.

ಇನ್ನು ಆರಂಭದಲ್ಲಿ ಹೇಳಿದ ನನ್ನ ತಪ್ಪಿನ ವಿಷಯ.

1994ರಲ್ಲಿ ನಮ್ಮ ಬೀದಿಯ ಕೊನೆಯ ಮನೆಯಲ್ಲಿ ವಯಸ್ಸಾದ ವಿಧವೆಯೊಬ್ಬರಿದ್ದರು. ಮನೆ ಖಾಲಿ ಮಾಡಿ ಮುಂಬಯಿಯ ಮಗಳ ಮನೆಗೆ ಹೊರಟಿದ್ದರು. ಗಾಜಿನ ಬಾಗಿಲಿನ ಬೀಟೆಯ ಕಪಾಟೊಂದು ಮಾರಾಟಕ್ಕಿತ್ತು. 1,200 ರೂಪಾಯಿ ಕೇಳಿದರು. ಅದು ಎರಡು ಸಾವಿರಕ್ಕಿಂತ ಹೆಚ್ಚು ಬಾಳುವುದೆಂದು ಬಡಗಿಯಿಂದ ಮೊದಲೇ ಕೇಳಿ ತಿಳಿದಿದ್ದೆ. ಆದರೂ ಹೇಳಿದೆ: “ನಾಳೆ ಬೆಳಿಗ್ಗೆ ಲಾರಿ ಬರುತ್ತಲ್ಲಮ್ಮ, ಇಷ್ಟು ದೊಡ್ಡದನ್ನ ಎಲ್ಲಿ ಇಡ್ತೀರಿ? ಏಳುನೂರು ಕೊಡ್ತೀನಿ.” ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಒಪ್ಪಿದರು. ಹಣ ಎಣಿಸಿಕೊಳ್ಳುವಾಗ ಹೇಳಿದ್ದು ಒಂದೇ ಮಾತು: “ಮೇಷ್ಟ್ರೇ, ಒಳಗೆ ಒದ್ದೆ ಬಟ್ಟೆ ಇಡಬೇಡಿ.”

ಕಪಾಟು ಮನೆಗೆ ಬಂದ ಮೇಲೆ ಒಳಬಾಗಿಲಿನ ಮರದ ಮೇಲೆ ಪೆನ್ಸಿಲಿನಿಂದ ಬರೆದ ಹಾಲಿನ ಲೆಕ್ಕ ಕಂಡಿತು. ಅರ್ಧ ಸೇರು, ಕಾಲು ಸೇರು... ಕೊನೆಕೊನೆಗೆ ದಿನ ಬಿಟ್ಟು ದಿನ ಕಾಲು ಸೇರು. ನಾನು ಅದನ್ನು ಓದಿದೆ, ಅರ್ಥ ಮಾಡಿಕೊಳ್ಳಲಿಲ್ಲ. ವರ್ಷಗಟ್ಟಲೆ ಸ್ಟಾಫ್ ರೂಮಿನಲ್ಲಿ ‘ಏಳುನೂರಕ್ಕೆ ಬೀಟೆ ಕಪಾಟು’ ಎಂದು ಮೀಸೆ ತಿರುವಿದೆ.

2019ರಲ್ಲಿ ನಾನು ನಿವೃತ್ತನಾದೆ. ಅದೇ ವರ್ಷ ನನ್ನ ತಾಯಿ ತೀರಿಕೊಂಡರು. ಊರಿನ ಮನೆ ಪಾಲಾಯಿತು. ಮನೆ ಕೊಂಡವರು ತಿಂಗಳೊಳಗೆ ಖಾಲಿ ಮಾಡಬೇಕೆಂದಿದ್ದರು. ಅಮ್ಮನ ತೂಗುಮಂಚ, ಭತ್ತದ ಪೆಟ್ಟಿಗೆ, ಎರಡು ಹಿತ್ತಾಳೆ ಹಂಡೆ. ನಮ್ಮ ಅಣ್ಣತಮ್ಮಂದಿರ ಯಾರ ಮನೆಯಲ್ಲೂ ತೂಗುಮಂಚ ತೂಗುವಷ್ಟು ಜಾಗವಿರಲಿಲ್ಲ. ಕೊಳ್ಳಲು ಬಂದ ಯುವಕ ಸಭ್ಯನೇ. ಎಲ್ಲವನ್ನೂ ನೋಡಿ, ನಾವು ಹೇಳಿದ ಬೆಲೆ ಕೇಳಿ, ನಕ್ಕು ಹೇಳಿದ: “ಭಾನುವಾರ ಬೀಗದ ಕೈ ಕೊಡಬೇಕಲ್ಲ ಸಾರ್, ಇದನ್ನೆಲ್ಲ ಎಲ್ಲಿ ಇಡ್ತೀರಿ?”

ಮೈ ಜುಮ್ಮೆಂದಿತು. ಅದು ನನ್ನದೇ ವಾಕ್ಯ. ಇಪ್ಪತ್ತೈದು ವರ್ಷಗಳ ಮೇಲೆ ನನಗೇ ಹಿಂತಿರುಗಿ ಬಂದಿತ್ತು. ಅವನು ಹೇಳಿದ ಬೆಲೆಗೇ ಕೊಟ್ಟೆವು. ಬೇರೆ ದಾರಿ ಇರಲಿಲ್ಲ. ಅವನು ತೂಗುಮಂಚದ ಸರಪಳಿ ಕಳಚುವಾಗ ನನ್ನ ಬಾಯಿಂದಲೂ ಒಂದು ಮಾತು ಹೊರಟಿತು: “ಸರಪಳಿಗೆ ಆಗಾಗ ಎಣ್ಣೆ ಬಿಡಪ್ಪ.” ಒದ್ದೆ ಬಟ್ಟೆಯ ಮಾತಿನ ಅರ್ಥ ನನಗಾದದ್ದು ಆಗ. ಮಾರುವವರು ವಸ್ತುವನ್ನಷ್ಟೇ ಕೊಡುತ್ತಾರೆ. ಅದರ ಮೇಲಿನ ಕಾಳಜಿಯನ್ನು ಬೆಲೆಯಿಲ್ಲದೆ ಜೊತೆಗೆ ಕಳಿಸುತ್ತಾರೆ.

ಆ ತಾಯಿಯ ಮಗಳ ವಿಳಾಸವನ್ನು ಹುಡುಕಿಸಿದೆ, ಸಿಗಲಿಲ್ಲ. ಆ 500 ರೂಪಾಯಿ ನನ್ನ ಲೆಕ್ಕದಲ್ಲಿ ಇಂದಿಗೂ ಬಾಕಿ.

ಆದ್ದರಿಂದ ನನ್ನ ಸೂತ್ರ ಇಷ್ಟು. ಅಂಗಡಿಯಲ್ಲಿ ಚೌಕಾಸಿ ಮಾಡಿ. ಅವರು ಲಾಭವಿಟ್ಟೇ ಹೇಳಿರುತ್ತಾರೆ, ಬಿಡುವುದೂ ಅವರಿಗೆ ಗೊತ್ತು. ಬಿಚ್ಚಿಹೋಗುತ್ತಿರುವ ಮನೆಯಲ್ಲಿ ಮಾತ್ರ ಚೌಕಾಸಿ ಮಾಡಬೇಡಿ. ಬೆಲೆ ಹೆಚ್ಚೆನಿಸಿದರೆ ಕೈಮುಗಿದು ಬನ್ನಿ. ಬೆಲೆ ಕಡಿಮೆಯೆಂದು ನಿಮಗೆ ಗೊತ್ತಿದ್ದರೆ ಅದನ್ನು ಅವರಿಗೆ ಹೇಳಿ. ಅವರ ಅವಸರವನ್ನು ನಿಮ್ಮ ಲಾಭದ ಸಾಲಿನಲ್ಲಿ ಬರೆಯಬೇಡಿ. ಮತ್ತು ಮಾರುವ ಸರದಿ ನಿಮ್ಮದಾದಾಗ ಕೊನೆಯ ವಾರದವರೆಗೆ ಕಾಯಬೇಡಿ. ಅಟ್ಟದ ಮೇಲಿನ ಸಾಮಾನನ್ನು ಗುಜರಿಯ ತಕ್ಕಡಿಗೆ ಹಾಕುವ ಮೊದಲು ನಾಲ್ಕು ಜನ ಬಂಧುಗಳಿಗೆ ಫೋನು ಮಾಡಿ. ಯಾರದೋ ಹೊಸ ಮನೆಗೆ ಅದೇ ಬೇಕಾಗಿರಬಹುದು.

ಅಂದು ಬಂದಿದ್ದ ದಂಪತಿಗಳೊಡನೆ ನಾನು ಹಟ ಹಿಡಿಯಲಿಲ್ಲ. ಅಡುಗೆಮನೆಯ ಕಪಾಟುಗಳನ್ನು ಹೊಸದಾಗಿಯೇ ಮಾಡಿಸಿಕೊಳ್ಳಿ, ಅದು ಗೋಡೆಯ ಅಳತೆಗೆ ಆಗಬೇಕಾದ ಕೆಲಸ ಎಂದೆ. ಉಳಿದದ್ದಕ್ಕೆ ಒಂದು ವರ್ಷ ಸಮಯ ಕೊಟ್ಟುಕೊಳ್ಳಿ. ಮನೆ ಒಂದೇ ದಿನ ತುಂಬಬೇಕೆಂದು ಯಾವ ಶಾಸ್ತ್ರದಲ್ಲೂ ಇಲ್ಲ. ಗೃಹಪ್ರವೇಶಕ್ಕೆ ಬಂದವರು ಹೋಮದ ಹೊಗೆಯಲ್ಲಿ ಸೋಫಾವನ್ನು ನೋಡುವುದಿಲ್ಲ, ಜಮಖಾನದ ಮೇಲೆ ಕುಳಿತು ಊಟ ಚೆನ್ನಾಗಿತ್ತೇ ಎಂದು ನೋಡುತ್ತಾರೆ ಎಂದೆ. ಆ ಹೆಣ್ಣುಮಗಳು ನಕ್ಕಳು. ಹೊರಡುವ ಮುನ್ನ ನನ್ನಾಕೆಯೊಡನೆ ಒಳಗೆ ಹೋಗಿ ಆ ತೇಗದ ಮಂಚವನ್ನು ಮುಟ್ಟಿ ನೋಡಿ ಬಂದಳಂತೆ.

ಮೊನ್ನೆ ಹುಡುಗನ ಫೋನು ಬಂದಿತ್ತು. ಸಾಲವನ್ನು ಮೂರು ಲಕ್ಷಕ್ಕೆ ಇಳಿಸಿದ್ದಾನಂತೆ. “ಬರೋ ಭಾನುವಾರ ಸಂಡೇ ಬಜಾರ್‌ಗೆ ಹೋಗ್ತಿದೀವಿ, ನೀವೂ ಬರ್ತೀರಾ ಸಾರ್?” ಎಂದ. ಬರುತ್ತೇನೆಂದಿದ್ದೇನೆ. ಅಳತೆಯ ಟೇಪನ್ನು ಈಗಲೇ ಚೀಲಕ್ಕೆ ಹಾಕಿಟ್ಟಿದ್ದೇನೆ.

ನಿಮ್ಮ ಮನೆಯ ಅತ್ಯಂತ ಹಳೆಯ ವಸ್ತು ಯಾವುದು? ಅದು ಯಾರಿಂದ ಬಂತು, ಬರುವಾಗ ಏನು ಹೇಳಿ ಕೊಟ್ಟರು? ನೆನಪಿದ್ದರೆ ಬರೆದು ತಿಳಿಸಿ.